ಡಬ್ಬಿಯಲ್ಲಿ ಸೌತೆಕಾಯಿ

ಬಸ್ಸಿಗೆ ಕಾಯುವ ಸಾಲಿನಲ್ಲಿದ್ದ ಒಬ್ಬ ದರ್ಜಿಯ ಮುಂದೆ ಗಂಡ ಹೆಂಡತಿ ನಿಂತಿದ್ದರು. ಹೆಂಡತಿಯ ಬೆನ್ನಿಗೆ ಆಂಬುಲೆನ್ಸ್ ಕೆಲಸದ ದೈಹಿಕ ಪರೀಕ್ಷೆಯ ನಂಬರು ಚೀಟಿ ಇನ್ನೂ ಅಂಟಿಕೊಂಡಿತ್ತು. ಬೇಡವೆಂದರೂ ದರ್ಜಿಯ ಕಿವಿ ಅತ್ತಲೇ ಹೋಯಿತು.

“ಪರೀಕ್ಷೆಗೆ ಮುಂಚೆ ಡಬ್ಬಿ ತೆಗೆದ್ರೆ ಬರೀ ಸೌತೆಕಾಯಿ! ನಾನಿಟ್ಟ ಆಲೂಗಡ್ಡೆ ತೆಗೆದಿದ್ದು ನೀವೇ ತಾನೇ?”

“ಕೊಬ್ಬು ಕರಗಬೇಕು ಅಂತ ನೀನೇ ಅಂದಿದ್ದೆ.”

“ಕೊಬ್ಬೂ ಕರಗಬೇಕು, ಮೈಯಲ್ಲಿ ಬಲಾನೂ ಬರಬೇಕು. ಅದಕ್ಕೇ ಎಣ್ಣೆ, ಸಕ್ಕರೆ ಬಿಟ್ಟು ಬೇಯಿಸಿದ ಆಲೂಗಡ್ಡೆ, ಅನ್ನ ಅಳತೆಯಲ್ಲಿ ತಿಂತಿದ್ದೆ. ಇವತ್ತು ಸ್ಟ್ರೆಚರ್ ಹೊತ್ತು ಎರಡನೇ ಮಹಡಿ ಹತ್ತೋಷ್ಟರಲ್ಲಿ ಕಣ್ಣು ಕತ್ತಲೆ ಬಂದು ಫೇಲಾದೆ.”

“ಮೆಲ್ಲಗೆ ಮಾತಾಡು, ಜನ ನೋಡ್ತಾರೆ.”

“ನೋಡಲಿ! ಯಾಕೆ ಹೀಗೆ ಮಾಡಿದ್ರಿ, ನಿಜ ಹೇಳಿ.”

“ನಿನ್ನ ತೋಳು ಗಂಡಸರ ತೋಳಿನ ಹಾಗಾಗ್ತಿದೆ ಅಂತ ಅಮ್ಮ ಬೇಜಾರು ಮಾಡ್ಕೊಂಡ್ರು.”

“ಬಚ್ಚಲಲ್ಲಿ ಬಿದ್ದ ನಿಮ್ಮಮ್ಮನ್ನ ಎತ್ಕೊಂಡು ಮೂರು ಮಹಡಿ ಇಳಿದಿದ್ದು ಇದೇ ತೋಳು ಕಣ್ರೀ! ಆವತ್ತು ನೀವು ಬಾಗಿಲು ಹಿಡ್ಕೊಂಡು ನಿಂತಿದ್ರಿ.”

ಅಷ್ಟರಲ್ಲಿ ಬಸ್ಸು ಬಂತು.

“ಮುಂದಿನ ತಿಂಗಳು ಮತ್ತೆ ಪರೀಕ್ಷೆ ಇದೆ. ಅಲ್ಲಿವರೆಗೂ ನೀವು ಅಡುಗೆಮನೆಗೆ ಕಾಲಿಡಬೇಡಿ,” ಎಂದವಳೇ ಹೆಂಡತಿ ದಡದಡನೆ ಹತ್ತಿಕೊಂಡಳು. ಗಂಡ ಅವಳ ಹಿಂದೆಯೇ ಹತ್ತಲು ಧೈರ್ಯ ಸಾಲದೆ ಹಿಂದಿನ ಬಾಗಿಲಿಗೆ ಓಡಿದ.