ಗಳದ ತುದಿಗೆ ಕಟ್ಟಿದ ಪೊಟ್ಟಣ

ಬಿತ್ತಿದ್ದನ್ನೇ ಬೆಳೆಯುತ್ತೀರಿ ಎಂದು ಮಠದ ಇದೇ ಗದ್ದುಗೆಯ ಮೇಲೆ ಕೂತು ನಿಮಗೆ ಎಷ್ಟೋ ಸಲ ಹೇಳಿದ್ದೇವೆ. ನೀವೂ ತಲೆ ಆಡಿಸಿದ್ದೀರಿ. ಇವತ್ತು ಬೇರೆ ಮಾತು. ಬಿತ್ತಿದ್ದು ಒಂದು, ಬಂದದ್ದು ಇನ್ನೊಂದು ಆದರೆ? ಆಗ ಏನು ಮಾಡುತ್ತೀರಿ?

ಒಂದೂರಲ್ಲಿ ಒಬ್ಬ ಸಾಹುಕಾರ. ಹೊಲ, ಮನೆ, ಅರಿವೆ ಅಂಗಡಿ, ಎಲ್ಲ ಇತ್ತು. ಹಿತ್ತಿಲಲ್ಲಿ ಎಳೆ ಸೌತೆಕಾಯಿ ಮಾತ್ರ ಇರಲಿಲ್ಲ. ನಗಬೇಡಿ. ಎಲ್ಲ ಇದ್ದವನಿಗೆ ಇಲ್ಲದ್ದೇ ದೊಡ್ಡದಾಗಿ ಕಾಣುತ್ತದೆ. ಪೇಟೆಗೆ ಹೋಗಿ ಬೀಜದ ಪೊಟ್ಟಣ ತಂದ. ಮೇಲೆ ಸೌತೆಕಾಯಿಯ ಚಿತ್ರ, ಕೆಳಗೆ ಬರಹ: 'ನೆಲದ ಮೇಲೆ ಹಬ್ಬುವ ತಳಿ, ಚಪ್ಪರ ಬೇಕಿಲ್ಲ.' ಬೀಜ ಊರಿದ. ಖಾಲಿ ಪೊಟ್ಟಣವನ್ನು ಏನು ಮಾಡಿದ? ನಾವು ನೀವಾದರೆ ಸಣ್ಣ ಕಡ್ಡಿಗೆ ಸಿಕ್ಕಿಸುತ್ತೇವೆ. ಇವನು ಸಾಹುಕಾರ ನೋಡಿ, ಎತ್ತರದ ಬಿದಿರಿನ ಗಳ ನೆಟ್ಟು ಅದರ ತುದಿಗೆ ಕಟ್ಟಿದ. ಬೀದಿಯಲ್ಲಿ ಹೋಗುವವರಿಗೂ ಕಾಣಬೇಕಲ್ಲ!

ಬೀಜ ಊರುವಾಗಲೇ ಹೆಂಡತಿ ಹೇಳಿದ್ದಳು: "ಸವತಿಕಾಯಿ ಬೀಜ ತೆಳ್ಳಗ ಇರತಾವ್ರೀ. ಇವು ಭಾಳ ದಪ್ಪ ಅದಾವ."

"ಹೊಸ ತಳಿ. ನಿನಗ ತಿಳಿಯಂಗಿಲ್ಲ."

ಎಲೆ ಬಿಟ್ಟಿತು. "ಎಲಿ ಮುಟ್ಟಿದ್ರ ನಾತ ಹೊಡಿತೈತಿ, ಸವತಿ ಅಲ್ಲರೀ ಇದು." "ಹೊಸ ತಳಿ!" ಕಾಯಿ ಬಿಟ್ಟಿತು. ನೆಲದ ಮೇಲೆ ಹಾವು ಸುತ್ತಿಕೊಂಡಂತೆ ಸುತ್ತಿಕೊಂಡು ಮಲಗಿದ ಪಡವಲಕಾಯಿ! ಮಣ್ಣು ತಾಗಿದ ಕಡೆಯೆಲ್ಲ ಕೊಳೆ. ಈಗ ಹೊಸ ತಳಿ ಎನ್ನಲು ಬಾಯಿ ಬರಲಿಲ್ಲ. ಬೀಜ ಮಾರಿದವನಿಗೆ ಬೈದ. ಬೈಯಲಿ, ತಪ್ಪು ಅವನದೇ. ಆದರೆ ಬಳ್ಳಿಗೂ ಬೈದ. ಬಳ್ಳಿ ಏನು ಮಾಡೀತು? ಪೊಟ್ಟಣದ ಬರಹ ಓದಿಕೊಂಡು ಹುಟ್ಟಿತ್ತೇ ಅದು?

"ಆತು ಬಿಡ್ರಿ, ಒಂದು ಚಪ್ಪರ ಹಾಕ್ರಿ" ಎಂದಳು ಹೆಂಡತಿ.

"ನಾ ಊರಿದ್ದು ಸವತಿ. ಪಡವಲಕ್ಕ ಚಪ್ಪರ ಹಾಕಂಗಿಲ್ಲ!"

ಅದೇ ವರ್ಷ ಆ ಮನೆಗೆ ಸೊಸೆಯೊಬ್ಬಳು ಬಂದಿದ್ದಳು. ಸಂಬಂಧ ಕುದುರಿಸಿದವರು ಏನು ಹೇಳಿದ್ದರು? 'ಹುಡುಗಿ ಮಾತು ಭಾಳ ಮೆತ್ತಗ. ಹಾಡಂತೂ ಕೇಳಬೇಕು.' ಸಾಹುಕಾರ ಹಾರ್ಮೋನಿಯಂ ತರಿಸಿ ಇಟ್ಟಿದ್ದ. ಹುಡುಗಿ ಬಾಯಿ ತೆರೆದಳು. ಮೂರು ಮನೆ ಆಚೆ ಕೇಳಿಸಿತು. ನೆಂಟರೆಲ್ಲ ಕೂತಾಗ ಒಂದು ಹಾಡು ಹೇಳೆಂದರೆ, "ನನಗ ಹಾಡು ಬರಂಗಿಲ್ರೀ ಮಾವಾರ" ಎಂದು ಅದೇ ದನಿಯಲ್ಲಿ ಹೇಳಿದಳು. ಸಾಹುಕಾರನ ಮುಖ ಸಣ್ಣದಾಯಿತು. ಆಮೇಲೆ ಅವಳು ಮಾತಾಡಿದಾಗಲೆಲ್ಲ ಅವನಿಗೆ ಮೈ ಉರಿಯುತ್ತಿತ್ತು. ಕಡೆಗೊಂದು ದಿನ ಅವಳ ಅಪ್ಪನಿಗೆ ಫೋನು ಮಾಡಿದ: "ಸೋಮವಾರ ಬರ್ರಿ. ನಿಮ್ಮ ಮಗಳನ್ನ ಕರಕೊಂಡು ಹೋಗ್ರಿ." ಮಗನಿಗೆ ಹೆಂಡತಿಯನ್ನು ಬಿಡಲಾಗದು, ಅಪ್ಪನಿಗೆ ಎದುರಾಡಲಾಗದು. ತಾಟಿನ ಮುಂದೆ ಕೂತು ಉಣ್ಣದೆ ಏಳುತ್ತಿದ್ದ.

ಆ ಮನೆಯಲ್ಲಿ ಇನ್ನೊಂದು ಜೀವ ಇತ್ತು. ಸಾಹುಕಾರನ ತಾಯಿ. ಹಿಂದಿನ ಕೋಣೆ. ಕಿವಿ ಬಹಳ ಮಂದ. ಆ ಕೋಣೆಗೆ ಎರಡು ಹೊತ್ತು ಊಟ ಹೋಗುತ್ತಿತ್ತು, ಮಾತು ಹೋಗುತ್ತಿರಲಿಲ್ಲ.

ರವಿವಾರ ಸಂಜೆ ಸಾಹುಕಾರ ಕುಡುಗೋಲು ಹಿಡಿದು ಹಿತ್ತಿಲಿಗೆ ಬಂದ. ಬಳ್ಳಿ ಕಿತ್ತು ಹಾಕುವುದು, ಅದಕ್ಕೂ ಮೊದಲು ಆ ಗಳ ಕೀಳುವುದು. ಗಳಕ್ಕೆ ಕೈ ಹಾಕಿ ಮೇಲೆ ನೋಡಿದ. ಒಂದು ಬಳ್ಳಿ ಯಾರೂ ಹೇಳದೆಯೇ ಗಳ ಹತ್ತಿತ್ತು. ತುದಿಯಲ್ಲಿದ್ದ ಪೊಟ್ಟಣ ಎಲೆಯೊಳಗೆ ಮುಚ್ಚಿಹೋಗಿತ್ತು. ಅಲ್ಲಿಂದ ಒಂದೇ ಒಂದು ಕಾಯಿ ಇಳಿಬಿದ್ದಿತ್ತು: ಮೊಳಕ್ಕಿಂತ ಉದ್ದ, ನೆಟ್ಟಗೆ, ಒಂದು ಕಲೆ ಇಲ್ಲ.

ಆಗ ಹಿಂದಿನ ಕೋಣೆಯ ಕಿಟಕಿಯಿಂದ ಸೊಸೆಯ ದನಿ ಬಂತು: "ಅಜ್ಜೀ! ಮಾವಾರು ಸಣ್ಣವರಿದ್ದಾಗ ಹೆಂಗಿದ್ರು?"

ತಾಯಿಗೆ ಕೇಳಿಸಿತು! ನೋಡಿ, ಆ ಮನೆಯಲ್ಲಿ ಆ ಮುದುಕಿಗೆ ಕೇಳಿಸುವ ದನಿ ಅದೊಂದೇ.

"ಅಂವಾ? ಮೂರು ಗಂಡಾದ ಮ್ಯಾಲೆ ಈ ಸಲ ಹೆಣ್ಣ ಅಂತ ಊರಾಗಿನವರೆಲ್ಲ ಹೇಳಿದ್ರವ್ವಾ. ಹೆಸರೂ ಗೊತ್ತು ಮಾಡಿ ಇಟ್ಟಿದ್ದೆ. ಹೊರಗ ಬಂದಾಂವ ಇಂವಾ! ಏನ ಮಾಡೂದು? ಅದ ತೊಟ್ಟಲಾ ಇಂವಗ ಕಟ್ಟಿದ್ವಿ."

ಇಬ್ಬರೂ ನಕ್ಕರು. ತಾಯಿ ನಕ್ಕದ್ದನ್ನು ಕೇಳಿ ಸಾಹುಕಾರನಿಗೆ ಎಷ್ಟು ಕಾಲವಾಗಿತ್ತೋ. ಕುಡುಗೋಲು ಕೆಳಗಿಟ್ಟು ಗಳದ ಬುಡದಲ್ಲಿ ಕೂತ. ನಾಚಿಕೆಯಾಯಿತು. ಅಳುವೂ ಬಂತು.

ಸೋಮವಾರ ಹುಡುಗಿಯ ಅಪ್ಪ ಬಂದ. ಪಾಪ, ಒಳಗೆ ಬರಲೂ ಅಂಜಿ ಬಾಗಿಲಲ್ಲೇ ನಿಂತ. ಸಾಹುಕಾರ ಹೊರಗೆ ಬಂದು ಅವನ ಕೈ ಹಿಡಿದ. "ಬೀಗರ, ಹಿತ್ತಲದಾಗ ಪಡವಲಕ್ಕ ಒಂದು ಚಪ್ಪರ ಹಾಕಬೇಕಾಗೇತಿ. ನನಗೊಬ್ಬಂಗ ಆಗಂಗಿಲ್ಲ. ಮೊದಲ ಒಳಗ ಬಂದು ಉಣ್ರಿ."

ಕಥೆ ಮುಗಿಯಿತು. ಈಗ ನಿಮ್ಮ ಹಿತ್ತಿಲಿಗೆ ಬರೋಣವೇ?

ನಿಮ್ಮ ಮನೆಯಲ್ಲಿ ಯಾರ ತಲೆಯ ಮೇಲೆ ಪೊಟ್ಟಣ ಕಟ್ಟಿದ್ದೀರಿ? ಹತ್ತು ವರ್ಷವಾದರೂ ಸೊಸೆಗೆ 'ಹಿಂಗಂತ ಹೇಳಿದ್ದರು' ಎನ್ನುತ್ತೀರಿ. ಮಗ ಹುಟ್ಟುವ ಮೊದಲೇ ಅವನನ್ನು ಡಾಕ್ಟರ್ ಮಾಡಿಟ್ಟಿರಿ. ಅವನು ಬಡಿಗತನ ಕಲಿತರೆ ಮುಖ ತಿರುಗಿಸುತ್ತೀರಿ. ಅಲ್ಲಿ ಹಿಂದೆ ಕೂತವರು ಗಂಡನ ಕಡೆ ನೋಡುತ್ತಿದ್ದೀರಿ, ತಾಯಂದಿರೇ, ನಿಮಗೂ ಹೇಳುತ್ತಿದ್ದೇವೆ! ಸುಳ್ಳು ಹೇಳಿ ಮಾರಿದವನನ್ನು ಕೇಳಿ, ಬೇಡವೆನ್ನುವುದಿಲ್ಲ. ಬಳ್ಳಿಯನ್ನು ಮಾತ್ರ ನೆಲದ ಮೇಲೆ ಕೊಳೆಸಬೇಡಿ.

ಇವತ್ತು ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ. ನಿಮಗೆ ಬೇಡವಾದದ್ದು ಯಾರಲ್ಲಿ ಕಾಣುತ್ತದೋ ಅವರ ಪಕ್ಕದಲ್ಲಿ ಕೂತು ಉಣ್ಣಿ. 'ಯಾಕೆ ಹಂಗಿಲ್ಲ' ಎಂದು ಕೇಳಬೇಡಿ. 'ನಿನಗೇನು ಬೇಕು' ಎಂದು ಕೇಳಿ. ಉತ್ತರ ಬಂದರೆ ನಾಳೆ ಬೆಳಿಗ್ಗೆಯೇ ಗಳ ನೆಡಿ. ಸೌತೆಕಾಯಿ ತಿನ್ನಲೇಬೇಕಿದ್ದರೆ ಸಂತೆಯಲ್ಲಿ ಸಿಗುತ್ತದೆ. ಮನೆಯ ಬಳ್ಳಿಗೆ ಚಪ್ಪರ ಹಾಕುವವರು ಸಂತೆಯಲ್ಲಿ ಸಿಗುವುದಿಲ್ಲ, ಅದನ್ನು ನೀವೇ ಹಾಕಬೇಕು.