ವಿಧುರ ಅಂದರೇನು

ಕನ್ನಡಕದ ಅಂಗಡಿಯ ಬೆಂಚಿನಲ್ಲಿ ತನ್ನ ಸರದಿಗೆ ಕಾಯುತ್ತಿದ್ದ ಬಟ್ಟೆ ಹೊಲಿಯುವ ಹೆಂಗಸಿಗೆ, ಪಕ್ಕದಲ್ಲಿದ್ದ ಅಪ್ಪ ಮಗಳ ಮಾತು ಬೇಡವೆಂದರೂ ಕಿವಿಗೆ ಬಿತ್ತು. ಅಪ್ಪ ಹೊಸ ಫ್ರೇಮುಗಳನ್ನು ಹಾಕಿ ನೋಡುತ್ತಿದ್ದ. ಮಗಳು ಹಲ್ಲು ಕಚ್ಚಿಕೊಂಡು ಕೇಳಿದಳು.

“ನೀನು ಮದ್ವೆ ಆಗ್ಬೇಕು ಅಂತಿದೀಯಲ್ಲ, ಅವ್ರ ಹತ್ರ ವಿಧುರ ಅಂತ ಹೇಳ್ಕೊಂಡಿದೀಯಂತೆ. ಹಂಗಂದ್ರೇನಪ್ಪಾ?”

“ಹೆಂಡ್ತಿ ಇಲ್ದೋನು.”

“ಅಲ್ಲ. ಹೆಂಡ್ತಿ ಸತ್ತೋನು.”

“ನಿಮ್ಮಮ್ಮ ಬಿಟ್ಟು ಹೋಗಿ ಎಷ್ಟು ವರ್ಷ ಆಯ್ತು? ನನ್ನ ಪಾಲಿಗೆ ಎರಡೂ ಒಂದೇ.”

“ನನ್ನ ಪಾಲಿಗೆ ಅಲ್ಲ. ಡೈವೋರ್ಸ್ ಆಗಿದೆ ಅನ್ನೋಕೆ ನಿಂಗೇನು ಕಷ್ಟ?”

ಅಪ್ಪ ಕನ್ನಡಿಯಿಂದ ಮುಖ ತಿರುಗಿಸಲಿಲ್ಲ.

“ಹಂಗಂದ್ರೆ ಯಾಕೆ ಬಿಟ್ಟೋದ್ಳು ಅಂತ ಕೆದಕ್ತಾರೆ. ಸತ್ತೋದ್ಳು ಅಂದ್ರೆ ಅಯ್ಯೋ ಪಾಪ ಅಂತ ಸುಮ್ಮನಾಗ್ತಾರೆ.”

“ಅಯ್ಯೋ ಪಾಪ ಅನ್ನಿಸ್ಕೊಳ್ಳೋಕೆ ಅಮ್ಮನ್ನೇ ಸಾಯಿಸ್ಬಿಟ್ಯಾ?”

“ಮೆಲ್ಲಗೆ. ಬಂದ್ರು.”

ಗಾಜಿನ ಬಾಗಿಲು ತಳ್ಳಿಕೊಂಡು ಒಬ್ಬಾಕೆ ಒಳಗೆ ಬಂದಳು. ಅವನ ಮುಖ ನೋಡಿ, ಈ ಫ್ರೇಮು ಒಪ್ಪುತ್ತೆ ಅಂದಳು. ಆಮೇಲೆ ಮಗಳ ಪಕ್ಕ ಕೂತು ಅವಳ ಕೈ ಹಿಡಿದುಕೊಂಡಳು.

“ನಮ್ಮನೆಯವರು ತೀರ್ಕೊಂಡಾಗ ನಂಗೂ ಬಾಯಿಂದ ಮಾತೇ ಹೊರಡ್ತಿರ್ಲಿಲ್ಲ, ಮಗಳೇ. ಅದಕ್ಕೇ ಇವರ ದುಃಖ ನಂಗೆ ಅರ್ಥ ಆಗುತ್ತೆ. ನಿಮ್ಮಮ್ಮ ಹೋಗಿದ್ದು ಹೇಗೆ?”

ಮಗಳು ಅಪ್ಪನ ಕಡೆ ನೋಡಿದಳು. ಅಪ್ಪ ನೆಲ ನೋಡಿದ. ಹೊಲಿಯುವ ಹೆಂಗಸು ತನ್ನ ಸರದಿ ಕರೆದರೂ ಏಳಲಿಲ್ಲ.

“ಬಸ್ಸಲ್ಲಿ,” ಅಂದಳು ಮಗಳು. “ಈಗ್ಲೂ ಭಾನುವಾರ ಫೋನ್ ಮಾಡ್ತಾರೆ.”

ಆಕೆ ಹಿಡಿದಿದ್ದ ಕೈಯನ್ನು ಮೆಲ್ಲಗೆ ಬಿಟ್ಟು, ಎದ್ದು, ಹೊರಗೆ ನಡೆದಳು. ಬೆಲೆಚೀಟಿ ನೇತಾಡುತ್ತಿದ್ದ ಕನ್ನಡಕದಲ್ಲೇ ಅಪ್ಪ ಅವಳ ಹಿಂದೆ ಓಡಿದ. ಅವನ ಹಳೆಯ ಕನ್ನಡಕ ಎತ್ತಿಕೊಂಡು ಮಗಳೂ ಹೊರಟಳು.