ಅತ್ತೆ ಪಾಸು ಮಾಡಿದ ಪಾಠ

ಹಯಾಲಿಯಾ ಊರಿನ ಏಸಿ ಸಾಮಾನಿನ ಅಂಗಡಿ. ಸಾಲಿನಲ್ಲಿ ನನ್ನ ಮುಂದೆ ಇಬ್ಬರು ಏಸಿ ರಿಪೇರಿ ಗುತ್ತಿಗೆದಾರರಿದ್ದರು: ತಲೆ ನರೆತ ರಿಗೊ, ಅವನಿಗಿಂತ ಕಿರಿಯ ಎವೆಲಿಯೊ.

“ಲೈಸೆನ್ಸ್ ರಿನ್ಯೂ ಆಯ್ತೇನೋ?” ರಿಗೊ ಕೇಳಿದ.

“ಆಯ್ತಣ್ಣ. ಆನ್‌ಲೈನ್ ಪಾಠಕ್ಕೆ ನನ್ ಬದ್ಲು ನಮ್ಮತ್ತೆ ಕೂತ್ರು. ಪರೀಕ್ಷೆನೂ ಅವರೇ ಬರೆದ್ರು.”

“ನಿಮ್ಮತ್ತೆ ಬಾಡಿಗೆಗೆ ಸಿಗ್ತಾರೇನೋ?”

ಎವೆಲಿಯೊ ನಗಲಿಲ್ಲ. “ಅಣ್ಣ, ಈ ಹೊಸ ಗ್ಯಾಸ್ ಸಿಲಿಂಡರಿಗೆ ಕೆಂಪು ಪಟ್ಟಿ ಯಾಕೆ?”

“ಬೆಂಕಿ ಹತ್ಕೊಳ್ಳೋ ಗ್ಯಾಸು ಅಂತ. ಹಳೇ ಏಸಿಗೆ ತುಂಬಲೇಬಾರದು, ಸೋರಿದ್ರೆ ಒಂದು ಕಿಡಿ ಸಾಕು. ಪಾಠದಲ್ಲಿ ಇದ್ದದ್ದೇ ಅದಲ್ವೇನೋ?”

ಎವೆಲಿಯೊ ಜೇಬಿನಿಂದ ಫೋನು ತೆಗೆದ.

“ಎಲ್ಲಿಗೆ ತುಂಬಿದ್ಯೋ?”

“ನಮ್ಮನೆ ಹಳೇ ಏಸಿಗೇ.”

“ನಿಮ್ಮತ್ತೆ ಏನೂ ಹೇಳ್ಲಿಲ್ವಾ?”

“ಹೇಳಕ್ಕೆ ಬಂದ್ರು. ನನ್ ಕಸುಬು ನನಗೇ ಕಲಿಸ್ತೀರಾ ಅಂತ ರೇಗಿದೆ. ಅವತ್ತಿಂದ ಮೊಮ್ಮಗಳನ್ನ ಕರ್ಕೊಂಡು ಹೊರಗೆ ಜಗಲಿ ಮೇಲೆ ಮಲಗ್ತಾರೆ. ಈ ಆಗಸ್ಟ್ ಸೆಕೇಲಿ! ಅರಳು ಮರುಳು ಅನ್ಕೊಂಡಿದ್ದೆ.”

“ನಿನ್ ಹೆಂಡ್ತಿ?”

“ಒಳಗೇ ಇರ್ತಾಳೆ. ಅವಳಿಗೆ ನನ್ ಮಾತಂದ್ರೆ ನಂಬಿಕೆ.”

ಅಂಗಡಿಯವನು ಎವೆಲಿಯೊನ ಹೆಸರು ಕೂಗಿದ. ಅವನಾಗಲೇ ಫೋನು ಕಿವಿಗೊತ್ತಿಕೊಂಡು ಬಾಗಿಲು ದಾಟುತ್ತಿದ್ದ.

“ಒಲೆ ಹಚ್ಚಬೇಡ ಕಣೇ, ಒಲೆ ಹಚ್ಚಬೇಡ,” ಅನ್ನುತ್ತಿದ್ದ, ಆ ಕಡೆ ಇನ್ನೂ ಯಾರೂ ಎತ್ತದ ಫೋನಿಗೆ.